ಅಲುಗಾಡದ ನೀಲಿ ಜೀರುಂಡೆ

"ಇದನ್ನ ಬರೆದಿದ್ದು ಯಾರು?"

ಪ್ರದರ್ಶನದ ಹಾಲ್‌ನಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಚಹಾ ಕಪ್ಪುಗಳು ತುಟಿಯ ಹತ್ತಿರವೇ ನಿಂತವು.

ಕೇಳಿದವಳ ಕೈಯಲ್ಲಿ, ಅವಳೇ ತೆಗೆದ ಒಂದು ದೊಡ್ಡ ಛಾಯಾಚಿತ್ರವಿತ್ತು. ಬದನೆ ಎಲೆಯ ಬುಡದಲ್ಲಿ ಕೂತ ನೀಲಿ ಜೀರುಂಡೆ. ಬೆನ್ನ ಮೇಲೆ ಇಬ್ಬನಿಯ ಹನಿಗಳು, ಒಂದೊಂದು ಹನಿಯೊಳಗೂ ಪುಟ್ಟ ತೋಟ. ಅಂಥ ಚಿತ್ರವನ್ನು ಗೋಡೆಯಿಂದ ಇಳಿಸಿ, ಮೂಲೆಯಲ್ಲಿ ಮುಖ ತಿರುಗಿಸಿ ನಿಲ್ಲಿಸಿದ್ದರು. ತಪ್ಪು ಮಾಡಿದ ಮಗುವನ್ನು ನಿಲ್ಲಿಸಿದ ಹಾಗೆ!

ಹಿಂಬದಿಗೆ ಒಂದು ಚೀಟಿ. ಮುತ್ತು ಪೋಣಿಸಿದಂಥ ಅಕ್ಷರ. 'ಸತ್ತ ಕೀಟ. ಬದುಕಿದೆ ಎಂದು ತೋರಿಸಿ ಮೋಸ ಮಾಡಲಾಗಿದೆ.'

ಮೋಸ...

ಆ ಒಂದು ಪದ ಅವಳ ಎದೆಗೆ ಕೊಳ್ಳಿ ಇಟ್ಟಂತಾಗಿತ್ತು.

ಸಂಘದ ಕಾರ್ಯದರ್ಶಿ ಗದ್ದದಿಂದಲೇ ಬಿಸ್ಕೆಟ್ ತಟ್ಟೆಯ ಕಡೆ ತೋರಿಸಿದರು. ಅಲ್ಲಿ ಸ್ಪರ್ಧೆಯ ತೀರ್ಪುಗಾರ, ಒಬ್ಬ ಉದ್ದನೆಯ, ತೆಳ್ಳನೆಯ ಮನುಷ್ಯ, ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತಿದ್ದ.

"ನಾನೇ ಬರೆದಿದ್ದು," ಎಂದ.

"ಯಾವ ಕಣ್ಣಲ್ಲಿ ನೋಡಿ ಬರೆದ್ರಿ?"

"ಎರಡೂ ಕಣ್ಣಲ್ಲಿ." ತಮಾಷೆ ಮಾಡಿದ್ದಲ್ಲ, ಪಾಪ, ನಿಜವಾಗಿಯೇ ಉತ್ತರ ಕೊಟ್ಟಿದ್ದ. "ಭೂತಗನ್ನಡಿ ಇಟ್ಟೂ ನೋಡಿದೆ. ಮೀಸೆ ಎರಡೂ ಜೋತುಬಿದ್ದಿವೆ. ಕಾಲು ಒಳಗೆ ಮಡಚಿದೆ. ಇಪ್ಪತ್ನಾಲ್ಕು ಫ್ರೇಮ್ ಸೇರಿಸಿ ಮಾಡಿದ್ದು ಅಂತ ನೀವೇ ಬರೆದಿದ್ದೀರಿ. ಅಷ್ಟೂ ಹೊತ್ತು ಒಂದು ಕೂದಲೆಳೆಯಷ್ಟೂ ಅಲುಗಾಡದೆ ಬದುಕಿರೋ ಹುಳ ಕೂರಲ್ಲ."

"ಕೂತಿತ್ತು! ಬೆಳಗಿನ ಚಳಿಗೆ ಮರಗಟ್ಟಿ ಕೂತಿತ್ತು. ನಲವತ್ತು ನಿಮಿಷ ಮಣ್ಣಲ್ಲಿ ಬೋರಲು ಮಲಗಿದ್ದೆ ನಾನು!"

ಈ ವಿದ್ಯೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳವನ್ನು ಅಷ್ಟು ಹತ್ತಿರದಿಂದ ತೆಗೆದರೆ ಅದರ ಒಂದು ಎಳೆ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಕಣ್ಣು ಸರಿಯಾದರೆ ಬೆನ್ನು ಮಸುಕು. ಅದಕ್ಕೇ ಫೋಕಸ್ಸನ್ನು ಚೂರು ಚೂರೇ ಸರಿಸುತ್ತ ಹತ್ತಾರು ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಬೇಕು. ನಡುವೆ ಹುಳ ಅಲುಗಿದರೆ ಎಲ್ಲ ನೀರುಪಾಲು. ಕೆಲವರು ಸುಲಭದ ದಾರಿ ಹಿಡಿದು ಹುಳವನ್ನು ಕೊಂದು ಎಲೆಯ ಮೇಲೆ ಕೂರಿಸುತ್ತಾರೆ. ಮನೆತೋಟದ ಕೀಟ ಛಾಯಾಗ್ರಾಹಕರ ಆ ಸಂಘದಲ್ಲಿ ಅದೊಂದೇ ಮಹಾಪಾಪ. ಹಾಗೆ ಮಾಡಿದವರ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ.

"ಮ್ಯೂಸಿಯಂನಲ್ಲಿ ಹನ್ನೊಂದು ಸಾವಿರ ಜೀರುಂಡೆಗೆ ಸೂಜಿ ಚುಚ್ಚಿದ್ದೀನಿ," ಎಂದ ಆತ ಮೆಲ್ಲಗೆ. "ಸತ್ತಿದ್ದು ಹೇಗಿರುತ್ತೆ ಅಂತ ನನಗೆ ಗೊತ್ತು."

"ಸತ್ತಿದ್ದು ಗೊತ್ತು. ಬದುಕಿರೋದು? ಬದುಕಿರೋ ಹುಳನ ಕೊನೇ ಸಲ ಯಾವಾಗ ನೋಡಿದ್ರಿ?"

ಆತ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡು ನೆಲ ನೋಡಿದ.

"ಚಿತ್ರದ ಹಿಂದೆ ನನ್ನ ಫೋನ್ ನಂಬರ್ ಇತ್ತಲ್ಲ... ಮೋಸ ಅಂತ ಬರೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

ಅವಳ ದನಿ ನಡುಗಿತು. ಸಿಟ್ಟಿಗಲ್ಲ.

ಎರಡು ವರ್ಷದ ಹಿಂದೆ ಅವಳ ಮದುವೆ ನಿಶ್ಚಯವಾಗಿ ಮುರಿದುಬಿದ್ದಿತ್ತು. ಹಳೆಯ ಕೆಲಸದಲ್ಲಿ ಕದ್ದು ಸಿಕ್ಕಿಬಿದ್ದಳಂತೆ ಎಂದು ಯಾರೋ ಹುಡುಗನ ಕಿವಿಯಲ್ಲಿ ಊದಿದ್ದರು. ಹುಡುಗ ನಂಬಿದ. ಅವಳನ್ನು ಒಂದೇ ಒಂದು ಮಾತು ಕೇಳಲಿಲ್ಲ! ನಿಜಕ್ಕೂ ಕದ್ದವರು ಆಮೇಲೆ ಸಿಕ್ಕಿದರು, ಬಿಡಿ. ಆದರೆ ಒಡೆದ ಹಾಲು ಮತ್ತೆ ಹಾಲಾಗುತ್ತದೆಯೇ?

ಈಗ ಮತ್ತೆ ಅದೇ.

"ನಾಳೆ ಬೆಳಗ್ಗೆ ಐದೂಮುಕ್ಕಾಲಿಗೆ ನಮ್ಮ ತೋಟಕ್ಕೆ ಬನ್ನಿ," ಎಂದಳು. "ನಾನು ಹೇಗೆ ತೆಗೀತೀನಿ ನೋಡಿ. ಆಮೇಲೂ ಮೋಸ ಅನ್ನಿಸಿದ್ರೆ ನನ್ನ ಹೆಸರಿನ ಮೇಲೆ ನಾನೇ ಗೀಟು ಎಳೀತೀನಿ."

ಎಲ್ಲರೂ ಆತನ ಮುಖ ನೋಡಿದರು.

"ಬರ್ತೀನಿ," ಎಂದ ಆತ. ಆಮೇಲೆ ಏನೋ ಹೊಳೆದವನಂತೆ, "ವಿಳಾಸ?"

*

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚಡಪಡಿ ಎಂದೇ. ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಹಲ್ಲಿನ ಡಾಕ್ಟರುಗಳಿಗೆ ಹಲ್ಲಿನ ಕ್ಯಾಪ್ ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಅಲ್ಲೂ ಕೈ ಹಲ್ಲಿನ ಮೇಣದ ಅಚ್ಚು ತಿದ್ದುತ್ತಿದ್ದರೆ ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಿತ್ತು. "ಇವಳ ಕಾಲಿಗೆ ಚಕ್ರ ಕಟ್ಟಿಯೇ ದೇವರು ಕಳಿಸಿದ್ದಾನೆ," ಎನ್ನುವುದು ಅಮ್ಮನ ದಿನದ ದೂರು.

ಅವಳ ಜೀವ ಸುಮ್ಮನಾಗುತ್ತಿದ್ದುದು ಒಂದೇ ಕಡೆ. ಹಿತ್ತಲಿನ ತೋಟದಲ್ಲಿ, ಕ್ಯಾಮೆರಾದ ಹಿಂದೆ, ಹುಳದ ಎದುರು.

ಮಾರನೆಯ ದಿನ ಸರಿಯಾಗಿ ಐದೂಮುಕ್ಕಾಲಿಗೆ ಗೇಟು ಸದ್ದಾಯಿತು. ಬಾಗಿಲು ತೆಗೆದದ್ದು ಅಮ್ಮ.

"ನೀರಿನ ಮೀಟರ್ ನೋಡೋಕೆ ಇಷ್ಟು ಬೇಗ ಬಂದ್ರಾ?"

"ಇಲ್ಲಮ್ಮ. ಹುಳ ನೋಡೋಕೆ ಬಂದೆ."

ಅಮ್ಮ ಆತನನ್ನು ಮೇಲಿಂದ ಕೆಳಗೆ ನೋಡಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಶೂ, ಮೈಯಿಂದ ನುಸಿಗುಳಿಗೆಯ ವಾಸನೆ. "ಹುಳಕ್ಕೇನಪ್ಪ ಬರ! ನನ್ನ ಬದನೆ ಗಿಡ ಪೂರ್ತಿ ಅವೇ ತಿಂದಿವೆ. ಹೋಗ್ತಾ ಒಂದು ಚೀಲ ತುಂಬ್ಕೊಂಡು ಹೋಗಿ."

"ಅಮ್ಮಾ!" ಒಳಗಿನಿಂದ ಚಡಪಡಿ ಕೂಗಿದಳು. 'ಈ ಸೂಜಿ ಸಾಹೇಬನ್ನ ಮಾತಾಡಿಸೋದು ಬೇರೆ!' ರಾತ್ರಿಯೇ ಅವಳು ಆತನಿಗೆ ಆ ಹೆಸರಿಟ್ಟಾಗಿತ್ತು.

ಅವಳು ಗೆಣಸಿನ ಬಳ್ಳಿಯ ಪಕ್ಕದಲ್ಲಿ ಗೋಣಿತಾಟು ಹಾಸಿ ಬೋರಲು ಮಲಗಿದಳು. ಆತ ನಿಂತೇ ಇದ್ದ.

"ನಿಂತ್ಕೊಂಡು ನೋಡಿದ್ರೆ ಶೂ ಕಾಣುತ್ತೆ, ಹುಳ ಕಾಣಲ್ಲ. ಮಲಗಿ."

ಆತ ಒಮ್ಮೆ ತನ್ನ ಬಿಳಿ ಅಂಗಿ ನೋಡಿಕೊಂಡ. ಒಮ್ಮೆ ಕೆಸರು ನೋಡಿದ. ಮಲಗಿಯೇಬಿಟ್ಟ.

"ಈಗ ಉಸಿರು ಹಿಡ್ಕೊಂಡು ಇಲ್ಲಿಂದ ನೋಡಿ. ಕ್ಯಾಮೆರಾ ಮುಟ್ಟಬೇಡಿ."

ಆತ ಕಣ್ಣಿಟ್ಟ.

ಬಳ್ಳಿಯ ಎಲೆಯ ಮೇಲೆ ಒಂದು ಆಮೆ ಜೀರುಂಡೆ ಕೂತಿತ್ತು. ಉದ್ದಿನ ಕಾಳಿಗಿಂತ ಚೂರು ದೊಡ್ಡದು. ಸುತ್ತ ಗಾಜಿನಂಥ ಅಂಚು. ನಡುವೆ ಚಿನ್ನ. ಬಣ್ಣ ಬಳಿದ ಚಿನ್ನವಲ್ಲ, ಕರಗಿಸಿ ಆಗಷ್ಟೇ ಹುಯ್ದ ಚಿನ್ನ! ಅದು ಮೀಸೆಯನ್ನು ಒಂದು ಕಾಲಿನಿಂದ ಒರೆಸಿಕೊಂಡಿತು. ಕನ್ನಡಿ ಮುಂದೆ ನಿಂತ ಹೆಣ್ಣುಮಗಳ ಹಾಗೆ, ಇನ್ನೊಂದನ್ನೂ ಒರೆಸಿಕೊಂಡಿತು.

ಒಂದು ನಿಮಿಷ. ಎರಡು ನಿಮಿಷ. ಆತ ಏಳಲೇ ಇಲ್ಲ.

"ಏನಾಯ್ತು?"

ಆತ ತಲೆ ಎತ್ತಿದ. ಕನ್ನಡಕ ಮಂಜಾಗಿತ್ತು.

"ನನ್ನ ಡ್ರಾಯರ್‌ನಲ್ಲಿ ಇಂಥವು ಅರವತ್ತು ಇವೆ," ಎಂದ. "ಅಷ್ಟೂ ಕಂದು ಬಣ್ಣ. ಹಳೇ ಕೋಟಿನ ಗುಂಡಿ ಥರ. ಸತ್ತ ತಕ್ಷಣ ಚಿನ್ನ ಹೋಗುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ... ಓದಿದ್ದೆ ಅಷ್ಟೇ. ಹದಿನಾಲ್ಕು ವರ್ಷ ನಾನು ನೋಡಿದ್ದು ಬರೀ ಸಿಪ್ಪೆ."

ಬೈಯಬೇಕೆಂದು ಇಡೀ ರಾತ್ರಿ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಚಡಪಡಿಗೆ ಮರೆತೇಹೋಯಿತು.

'ಅಯ್ಯೋ... ಒಂದು ಹುಳಕ್ಕೆ ಅಳೋ ಗಂಡಸೂ ಇದ್ದಾನಾ?'

ಇದ್ದ. ಅಂಗಿಯ ತುಂಬ ಕೆಸರು ಮೆತ್ತಿಕೊಂಡು, ಅವಳಿಂದ ಒಂದು ಮೊಳ ದೂರದಲ್ಲಿ.

*

ಒಂದು ದಿನ ಬನ್ನಿ ಎಂದಿದ್ದವಳು, ಆತ ಎರಡನೆಯ ದಿನವೂ ಬಂದಾಗ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಮೂರನೆಯ ದಿನ ಆತ ಹಳೆಯ ಅಂಗಿ ಹಾಕಿಕೊಂಡು, ತನ್ನದೇ ಒಂದು ಗೋಣಿತಾಟು ತಂದ. ಐದನೆಯ ದಿನ ಆತನ ಮೈಯಿಂದ ನುಸಿಗುಳಿಗೆಯ ವಾಸನೆ ಹೋಗಿ ಸಾಬೂನಿನ ವಾಸನೆ ಬರುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಚಡಪಡಿ ತನ್ನ ಮೇಲೆ ತಾನೇ ರೇಗಿಕೊಂಡಳು.

ಆತ ಹುಳಗಳ ಹೆಸರು ಹೇಳುತ್ತಿದ್ದ. ಅವಳು ಅವುಗಳ ಬುದ್ಧಿ ಹೇಳುತ್ತಿದ್ದಳು.

"ಇದು ಸೊಂಡಿಲು ಹುಳ. ಮುಟ್ಟಿದ್ರೆ ದೊಪ್ ಅಂತ ಬೀಳುತ್ತೆ, ಸತ್ತ ಹಾಗೆ ನಾಟಕ," ಎಂದಳು.

"ಎಷ್ಟು ಹೊತ್ತು?"

"ನಾವು ಆ ಕಡೆ ನೋಡೋ ತನಕ. ನಮ್ಮ ದೊಡ್ಡಮ್ಮನ ಹಾಗೆ, ಕೆಲಸ ಹೇಳಿದ ತಕ್ಷಣ ತಲೆನೋವು!"

ಆತ ನಕ್ಕ. ನಗು ಅಂದರೆ ಏನು, ಭುಜ ಮಾತ್ರ ಅಲುಗಿತು. ಹುಳ ಬೆದರಬಾರದೆಂದು ಸದ್ದಿಲ್ಲದೆ ನಗುವುದನ್ನೂ ಕಲಿತಿದ್ದ ಮಹಾರಾಯ.

ತೊಂದರೆ ಶುರುವಾಗಿದ್ದು ಆಗ. ತೋಟದಲ್ಲಾದರೂ ಸುಮ್ಮನಿರುತ್ತಿದ್ದ ಅವಳ ಜೀವಕ್ಕೆ ಈಗ ಅಲ್ಲೂ ನೆಮ್ಮದಿಯಿಲ್ಲ! ಐದೂವರೆಗೇ ಗೇಟಿನ ಕಡೆ ಕಿವಿ. ಲ್ಯಾಬಿನಲ್ಲಿ ಕೂತರೆ ಬೆಳಗಿನ ಮಾತುಗಳೇ ಮತ್ತೆ ಮತ್ತೆ. ಒಂದು ದಿನ ಯಾವುದೋ ಅಜ್ಜನಿಗೆ ಬಲಗಡೆಯ ದವಡೆ ಹಲ್ಲಿನ ಬದಲು ಎಡಗಡೆಯದು ಮಾಡಿ ಕಳಿಸಿದಳು. ಡಾಕ್ಟರು ಫೋನ್ ಮಾಡಿ, "ಏನಮ್ಮಾ, ಅಜ್ಜನ ಬಾಯಿ ತಿರುಗಿಸಿ ಜೋಡಿಸಲಾ?" ಎಂದು ಕೇಳಿದರು.

'ಏನಾಗಿದೆ ನನಗೆ? ಮೋಸಗಾರ್ತಿ ಅಂತ ಬರೆದವನು ಇವನು... ಮರೆತುಬಿಟ್ಟೆಯಾ?'

ಮರೆತಿರಲಿಲ್ಲ. ಅದಕ್ಕೇ ಒಂಬತ್ತನೆಯ ದಿನ, ಗೋಣಿತಾಟು ಮಡಚುತ್ತ, ಮುಖ ನೋಡದೆ ಕೇಳಿದಳು.

"ಈಗ ನಂಬಿಕೆ ಬಂತಾ?"

"ನಿಮ್ಮ ಮೇಲೆ ಬಂತು," ಎಂದ ಆತ. ತಕ್ಷಣ, ಯೋಚಿಸದೆ.

ಅವಳಿಗೆ ಕಣ್ಣು ತುಂಬಿಬಂತು. ಎರಡು ವರ್ಷದಿಂದ ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದಿದ್ದ ಮಾತು ಅದು.

"ಆದ್ರೆ ಇನ್ನೊಂದು ವಿಷಯ ಹೇಳ್ಬೇಕಿತ್ತು..." ಆತ ಕನ್ನಡಕ ತೆಗೆದು ಒರೆಸತೊಡಗಿದ.

"ಚಹಾ ಆರಿಹೋಗ್ತಿದೆ, ಇಬ್ಬರೂ ಬರ್ತೀರೋ, ಹುಳಕ್ಕೇ ಕುಡಿಸಲೋ?" ಅಡುಗೆಮನೆಯ ಕಿಟಕಿಯಿಂದ ಅಮ್ಮ.

ಆತ ಕನ್ನಡಕ ಹಾಕಿಕೊಂಡ. ಮಾತು ಅಲ್ಲಿಗೇ ನಿಂತಿತು.

*

ಎರಡು ದಿನ ಬಿಟ್ಟು ಕಾರ್ಯದರ್ಶಿಯ ಫೋನ್.

"ಸಿಹಿ ಸುದ್ದಿ ಕಣಮ್ಮಾ! ತೀರ್ಪುಗಾರರು ತೀರ್ಪು ವಾಪಸ್ ತಗೊಂಡಿದ್ದಾರೆ. ಕಾಗದ ಕಳಿಸಿದ್ದಾರೆ. ಅಂಕದಲ್ಲಿ ಮೊದಲೇ ನೀನು ಮುಂದಿದ್ದೆ, ಈಗ ನಿನ್ನ ನೀಲಿ ಜೀರುಂಡೆಗೇ ಮೊದಲ ಬಹುಮಾನ! ಮ್ಯೂಸಿಯಂ ಬಾಗಿಲಲ್ಲಿ ಒಂದು ವರ್ಷ ತೂಗು ಹಾಕ್ತಾರೆ. ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಆಗಬೇಕು, ಮೂಲ ಫ್ರೇಮ್‌ಗಳನ್ನ ಮತ್ತೆ ಜೋಡಿಸಿ ಕಳಿಸು."

ಚಡಪಡಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಅಮ್ಮನನ್ನು ಹಿಡಿದು ಗರಗರ ತಿರುಗಿಸಿದಳು. "ಬಿಡೇ, ಸೊಂಟ ಹೋಯ್ತು!" ಎಂದು ಅಮ್ಮ ಕೂಗಿಕೊಂಡರು.

ಕಂಪ್ಯೂಟರ್ ಮುಂದೆ ಕೂತು ಫ್ರೇಮ್‌ಗಳನ್ನು ತೆರೆದಳು. ಅವಳು ತೆಗೆದಿದ್ದು ಇಪ್ಪತ್ತೈದು. ಒಂದನ್ನು, ಇರುವೆ ಅಡ್ಡ ಬಂತೆಂದು, ಸರಿಯಾಗಿ ನೋಡದೆಯೇ ಕೈಬಿಟ್ಟಿದ್ದಳು. ದೊಡ್ಡ ಪ್ರಿಂಟಿಗೆ ಅದರಿಂದಲೂ ಒಂದು ತುಣುಕು ಸಿಗಬಹುದೆಂದು ಈಗ ಅದನ್ನು ತೆರೆದು ದೊಡ್ಡದು ಮಾಡಿದಳು.

ಇರುವೆ ಜೀರುಂಡೆಯ ಕಣ್ಣಿನ ಮೇಲೆ ನಿಂತಿತ್ತು.

ಕಣ್ಣಿನ ಮೇಲೆಯೇ. ಕಾಲೂರಿಕೊಂಡು.

ಬದುಕಿರುವ ಹುಳ, ಎಷ್ಟೇ ಚಳಿಗೆ ಮರಗಟ್ಟಿರಲಿ, ಕಣ್ಣಿಗೆ ಇರುವೆ ಬಂದರೆ ಮೀಸೆಯನ್ನಾದರೂ ಎಳೆದುಕೊಳ್ಳುತ್ತದೆ. ಅವಳು ಮುಂದಿನ ಫ್ರೇಮ್ ನೋಡಿದಳು. ಅದರ ಮುಂದಿನದು... ಅದರ ಮುಂದಿನದು... ಮೀಸೆ ಇದ್ದಲ್ಲೇ ಇತ್ತು.

ಅವಳು ಕುರ್ಚಿ ತಳ್ಳಿ ಅಡುಗೆಮನೆಯ ಕಡೆ ತಿರುಗಿದಳು.

"ಅಮ್ಮಾ... ಹೋದ ತಿಂಗಳು ಬದನೆ ಗಿಡಕ್ಕೆ ಏನಾದ್ರೂ ಹಾಕಿದ್ದೆಯಾ?"

"ಏನೂ ಇಲ್ಲಪ್ಪ." ಅಮ್ಮ ಸೌಟು ಹಿಡಿದುಕೊಂಡೇ ಇಣುಕಿದರು. "ಒಂದೇ ಒಂದು ದಿನ, ಸಂಜೆ, ಸ್ವಲ್ಪ ಸಾಬೂನು ನೀರು ಚಿಮುಕಿಸಿದೆ. ನೀನು ಬೈತೀಯ ಅಂತ ಹೇಳಲಿಲ್ಲ. ಪಾಪ, ಗಿಡವೂ ಬದುಕಬೇಕಲ್ಲ?"

"ಯಾವ ದಿನ?"

"ನಿನ್ನ ಆ ನೀಲಿ ಹುಳದ ಫೋಟೋ ತೆಗೆದೆಯಲ್ಲ... ಅದರ ಹಿಂದಿನ ಸಂಜೆ ಇರಬೇಕು."

ಚಡಪಡಿ ನಗಬೇಕೋ ಅಳಬೇಕೋ ತಿಳಿಯದೆ ಕೂತುಬಿಟ್ಟಳು. ನಲವತ್ತು ನಿಮಿಷ! 'ಎಷ್ಟು ಒಳ್ಳೇ ಹುಳ ಇದು, ಎಷ್ಟು ತಾಳ್ಮೆ' ಎಂದು ಮನಸ್ಸಿನಲ್ಲೇ ಹೊಗಳುತ್ತ, ಸತ್ತ ಹುಳದ ಮುಂದೆ ಉಸಿರು ಬಿಗಿಹಿಡಿದು ಮಲಗಿದ್ದಳು.

ಆಮೇಲೆ ಇನ್ನೊಂದು ಯೋಚನೆ ಬಂತು.

'ಹನ್ನೊಂದು ಸಾವಿರ ಹುಳ ನೋಡಿದವನಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತಿದೆ. ಗೊತ್ತಿದ್ದೂ ತೀರ್ಪು ವಾಪಸ್ ತಗೊಂಡ. ಅಂದ್ರೆ... ನಾನು ಮೋಸಗಾರ್ತಿ ಅಂತಲೇ ಅವನ ಲೆಕ್ಕ. ಹೋಗಲಿ ಪಾಪ ಅಂತ ಕ್ಷಮಿಸಿದ್ದಾನೆ!'

ನಂಬಿಕೆ ಎಂದುಕೊಂಡಿದ್ದು ಕನಿಕರವಾಗಿತ್ತು. ಅವಳಿಗೆ ಅದಕ್ಕಿಂತ 'ಮೋಸ' ಎಂದು ಬರೆದ ಚೀಟಿಯೇ ವಾಸಿಯಿತ್ತು.

*

ಮರುದಿನ ಬೆಳಗ್ಗೆ ಅವಳು ಗೇಟಿನಲ್ಲೇ ನಿಂತಿದ್ದಳು. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಆತ ಬಂದ. ಬಗಲಲ್ಲಿ ಗೋಣಿತಾಟು, ಮುಖದಲ್ಲಿ ನಗು. ಅವಳನ್ನು ನೋಡಿದ ಕೂಡಲೇ ನಗು ಇಳಿಯಿತು.

"ಒಂದೇ ಪ್ರಶ್ನೆ," ಎಂದಳು. "ಆ ನೀಲಿ ಹುಳ ಬದುಕಿತ್ತಾ, ಸತ್ತಿತ್ತಾ?"

ಆತ ಒಂದು ಕ್ಷಣವೂ ತಡವರಿಸಲಿಲ್ಲ. "ಸತ್ತಿತ್ತು."

"ಗೊತ್ತಿತ್ತಾ ನಿಮಗೆ? ಮೊದಲಿನಿಂದಲೂ?"

"ಗೊತ್ತಿತ್ತು. ಆದ್ರೆ..."

"ಆದ್ರೆ ಏನು? ಪಾಪ ಅನ್ನಿಸ್ತಾ? ಬಹುಮಾನ ಕೊಟ್ಟು ಬಾಯಿ ಮುಚ್ಚಿಸೋಣ ಅಂತಾನಾ?"

"ಬಹುಮಾನವಾ? ಯಾವ..."

"ಬೇಡ! ಒಂದು ಮಾತೂ ಬೇಡ. ನನಗೆ ನಿಮ್ಮ ದಯೆ ಬೇಕಿರಲಿಲ್ಲ."

"ನಾನು ಬರೆದ ಕಾಗದ ಓದಿದ್ದೀರಾ? ಒಂದು ಸಲ ಕೇಳಿ..."

ಗೇಟು ಧಡ್ ಎಂದು ಮುಚ್ಚಿತು.

ಆತ ಆ ಕಡೆ ಎಷ್ಟು ಹೊತ್ತು ನಿಂತಿದ್ದನೋ. ಅವಳು ಈ ಕಡೆ ಬೆನ್ನು ಕೊಟ್ಟು, ಬಾಯಿಗೆ ಕೈ ಒತ್ತಿಕೊಂಡು, ಆತನ ಹೆಜ್ಜೆ ಸದ್ದು ಬೀದಿಯ ತಿರುವು ದಾಟುವ ತನಕ ನಿಂತಿದ್ದಳು.

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಚಡಪಡಿ ಹಾಸಿಗೆಯಿಂದ ಎದ್ದು ಹಜಾರಕ್ಕೆ, ಹಜಾರದಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಒಳಗೆ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆತನ ಫೋನ್ ಬಂತು, ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಬರುವುದು ನಿಂತಿತು. ಆಗ ಯಾಕೆ ಬರಲಿಲ್ಲವೆಂದು ಫೋನನ್ನೇ ತಿರುತಿರುಗಿಸಿ ನೋಡಿದಳು.

"ಏನೇ ಆಗಿದ್ದು?" ಎಂದರು ಅಮ್ಮ. "ಆ ಹುಡುಗ ಏನು ಅಂದ?"

"ಏನೂ ಅನ್ನಲಿಲ್ಲ."

"ಅಂದ್ರೆ ನೀನು ಅನ್ನೋಕೆ ಬಿಡಲಿಲ್ಲ."

"ನಿಂಗ್ಯಾಕಮ್ಮ ಅದೆಲ್ಲ?"

"ನಿನ್ನ ಹೆತ್ತಿದ್ದೀನಲ್ಲ, ಅದಕ್ಕೆ." ಅಮ್ಮ ಬೀನ್ಸ್ ಮುರಿಯುತ್ತಲೇ ಹೇಳಿದರು. "ನಿನಗೆ ಮೂಗಿನ ತುದಿಯಲ್ಲೇ ಕೋಪ. ಆ ಮುರಿದುಹೋದ ಸಂಬಂಧದ ಹುಡುಗನ್ನ ಎರಡು ವರ್ಷದಿಂದ ಬೈತಿದ್ದೀಯ, 'ನನ್ನನ್ನ ಒಂದು ಮಾತು ಕೇಳಲಿಲ್ಲ' ಅಂತ. ನೀನು ಕೇಳಿದೆಯಾ ಇವನನ್ನ?"

ಚಡಪಡಿ ನಿಂತಲ್ಲೇ ನಿಂತಳು.

ಕೇಳಿರಲಿಲ್ಲ. ಒಂದು ಸಲ ಕೇಳಿ ಎಂದು ಆತನೇ ಬೇಡಿಕೊಂಡಿದ್ದ. ತನಗೆ ಯಾರೋ ಮಾಡಿದ್ದನ್ನೇ ತಾನು ಆತನಿಗೆ ಮಾಡಿದ್ದಳು. ಗೇಟಿನ ಚಿಲಕ ಸಮೇತ!

'ಛೇ... ಎಂಥ ಕೆಲಸ ಮಾಡಿಬಿಟ್ಟೆ!'

ಅವತ್ತೇ ಬಹುಮಾನದ ದಿನ. ಗಡಿಯಾರ ನಾಲ್ಕು ಹೊಡೆಯುತ್ತಿತ್ತು. ಅವಳು ಚಪ್ಪಲಿ ಮೆಟ್ಟಿ ಓಡಿದಳು.

*

ಹಾಲ್ ತುಂಬಿತ್ತು. ನೀಲಿ ಜೀರುಂಡೆ ಮತ್ತೆ ಗೋಡೆ ಏರಿ, ಕೆಳಗೆ 'ಮೊದಲ ಬಹುಮಾನ' ಎಂಬ ಚೀಟಿ ಅಂಟಿಸಿಕೊಂಡಿತ್ತು. ಸೂಜಿ ಸಾಹೇಬ ಎರಡನೆಯ ಸಾಲಿನ ತುದಿಯಲ್ಲಿ, ಕೈಕಟ್ಟಿ ಕೂತಿದ್ದ. ನಾಲ್ಕು ದಿನಕ್ಕೇ ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

ಅವಳು ಆತನ ಕಡೆ ನೋಡಲಿಲ್ಲ. ನೋಡಿದ್ದರೆ ಧೈರ್ಯ ಸೋರಿಹೋಗುತ್ತಿತ್ತು. ನೇರ ಗೋಡೆಯ ಹತ್ತಿರ ಹೋಗಿ ಚಿತ್ರವನ್ನು ಇಳಿಸಿದಳು.

"ಏಯ್, ಏಯ್! ಏನಮ್ಮಾ ಇದು?" ಕಾರ್ಯದರ್ಶಿ ಓಡಿ ಬಂದರು.

"ಇದಕ್ಕೆ ಬಹುಮಾನ ಸಲ್ಲಲ್ಲ," ಎಂದಳು ಅವಳು. "ಈ ಹುಳ ಸತ್ತಿತ್ತು. ನನಗೆ ಗೊತ್ತಿರಲಿಲ್ಲ, ದೇವರಾಣೆ ಗೊತ್ತಿರಲಿಲ್ಲ. ಬದುಕಿದೆ ಅಂತಲೇ ತೆಗೆದೆ. ಹೋದ ವಾರ ಗೊತ್ತಾಯ್ತು. ನೀವು ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಹೆಸರು ಹೊಡೆದುಹಾಕೋದಾದ್ರೆ ಅದನ್ನೂ ಮಾಡಿ. ಆದ್ರೆ ತೀರ್ಪುಗಾರರನ್ನ ಏನೂ ಅನ್ನಬೇಡಿ. ಅವರು... ಅವರು ನನ್ನ ಮುಖ ನೋಡಿ ತೀರ್ಪು ಬದಲಿಸಿರಬೇಕು. ತಪ್ಪು ನಂದು."

"ನಾನು ಬದಲಿಸಿಲ್ಲ," ಎಂದಿತು ಎರಡನೆಯ ಸಾಲು.

ಎಲ್ಲರೂ ಆ ಕಡೆ ತಿರುಗಿದರು.

"ಹಾಗಂದ್ರೆ?" ಕಾರ್ಯದರ್ಶಿ ಫೈಲಿನಿಂದ ಕಾಗದ ಎಳೆದರು. "ನೀವೇ ಬರೆದಿದ್ದೀರಲ್ಲ ಸ್ವಾಮಿ! 'ನೀಲಿ ಜೀರುಂಡೆಯ ಚಿತ್ರದ ಬಗ್ಗೆ ನಾನು ಬರೆದ ತೀರ್ಪಿನ ಎರಡನೇ ವಾಕ್ಯವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಅದು ತಪ್ಪು. ಅದಕ್ಕಾಗಿ ಕ್ಷಮೆ ಕೇಳುತ್ತೇನೆ.' ಇಷ್ಟೇ ಇರೋದು."

"ಎರಡನೇ ವಾಕ್ಯ ಮಾತ್ರ. ಹಾಳೆ ತಿರುಗಿಸಿ."

"ಹಿಂದೆಯೂ ಬರೆದಿದ್ದೀರಾ?" ಕಾರ್ಯದರ್ಶಿ ಹಾಳೆ ತಿರುಗಿಸಿ ಕಣ್ಣರಳಿಸಿದರು. "ಅಯ್ಯಯ್ಯೋ! ಹಿಂದೆ ಯಾರ್ರೀ ಬರೀತಾರೆ ಈ ಕಾಲದಲ್ಲಿ?"

"ಓದಬೇಡಿ. ಅಂದ್ರೆ... ಮೊದಲನೇ ಸಾಲು ಓದಿ ಸಾಕು," ಎಂದ ಆತ ಗಾಬರಿಯಿಂದ.

ಆದರೆ ಮೈಕು ಕೈಯಲ್ಲಿದ್ದಾಗ ಓದದೆ ಬಿಡುವ ಕಾರ್ಯದರ್ಶಿ ಎಲ್ಲಾದರೂ ಉಂಟೆ? ಅವರು ಗಂಟಲು ಸರಿಮಾಡಿಕೊಂಡರು.

"'ಕೀಟ ಸತ್ತಿದ್ದೇ. ಆ ವಾಕ್ಯ ಹಾಗೇ ಇರಲಿ, ಚಿತ್ರ ಸ್ಪರ್ಧೆಗೆ ಸಲ್ಲದು. ಆದರೆ ಒಂಬತ್ತು ದಿನ ಅವರ ತೋಟದಲ್ಲಿದ್ದು ನೋಡಿದ್ದೇನೆ. ಒಂದು ಹುಳ ಬೆದರಿದರೆ ಅದಕ್ಕೆ ಕ್ಷಮಿಸು ಎಂದು ಹೇಳುವವರು ಅವರು. ಸತ್ತಿದ್ದನ್ನು ಬದುಕಿದೆ ಎಂದು ನಂಬಿ ಅವರು ಮೋಸಹೋಗಿದ್ದಾರೆಯೇ ಹೊರತು ಮೋಸ ಮಾಡಿಲ್ಲ. ಒಂದು ಮಾತು ಕೇಳದೆ ಹಾಗೆ ಬರೆದದ್ದು ನನ್ನ ಜೀವನದ ಅತಿ ಕೆಟ್ಟ ಬರಹ.'" ಕಾರ್ಯದರ್ಶಿ ಉಸಿರು ತೆಗೆದುಕೊಂಡರು. "ಇನ್ನೂ ಇದೆ."

"ಬೇಡ ಸಾರ್..."

"'ಹುಳ ಸತ್ತಿತ್ತು ಎಂಬುದನ್ನು ನಾನೇ ಅವರಿಗೆ ಹೇಳಬೇಕು. ದಿನಾ ಬೆಳಗ್ಗೆ ಹೇಳಬೇಕೆಂದೇ ಹೋಗುತ್ತೇನೆ. ಹೇಳಿದರೆ ಆ ತೋಟದ ಗೇಟು ನನಗೆ ಮುಚ್ಚಿಬಿಡುತ್ತದೆ ಎಂಬ ಭಯಕ್ಕೆ ಹೇಳದೆ ವಾಪಸ್ ಬರುತ್ತೇನೆ. ದಯವಿಟ್ಟು ನಾನು ಹೇಳುವ ತನಕ ಸಂಘದವರು ಅವರಿಗೆ ತಿಳಿಸಬಾರದೆಂದು ವಿನಂತಿ.'"

ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿಯೇಬಿಟ್ಟರು.

ಚಡಪಡಿ ಚಿತ್ರವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕಣ್ಣೀರು ಕೆನ್ನೆಯ ಮೇಲೆ ತಾನಾಗಿಯೇ ಇಳಿಯುತ್ತಿತ್ತು.

ಕನಿಕರವಲ್ಲ. ಅದು ಕನಿಕರವಾಗಿರಲಿಲ್ಲ! ಎಲ್ಲ ಸಾಕ್ಷಿಯೂ ಅವಳ ವಿರುದ್ಧವಿದ್ದಾಗ ಆತ ಸಾಕ್ಷಿಯನ್ನು ಒಂದು ಪಕ್ಕಕ್ಕಿಟ್ಟು, ಅವಳನ್ನು ನಂಬಿದ್ದ. ಸುಳ್ಳು ಹೇಳದೆ ನಂಬಿದ್ದ.

ಬಹುಮಾನ ಸೊಂಡಿಲು ಹುಳದ ಚಿತ್ರ ತೆಗೆದಿದ್ದ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಹೋಯಿತು. ಅವಳ ಹೆಸರು ಪಟ್ಟಿಯಲ್ಲೇ ಉಳಿಯಿತು. ಆದರೆ ಅದನ್ನು ಘೋಷಿಸುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಆತನೂ ಇರಲಿಲ್ಲ.

*

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಆತ ಬಂದು ಐದು ಮೆಟ್ಟಿಲು ಕೆಳಗೆ ನಿಂತ. ಅಲ್ಲಿ ನಿಂತರೆ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತಿದ್ದವು.

"ಅಷ್ಟು ಜನರ ಮುಂದೆ ನನ್ನ ಮಾನ ಹೋಯ್ತು," ಎಂದ.

"ನಂದೂ ಹೋಯ್ತು."

"ನಿಮ್ಮದು ಹೋಗಲಿಲ್ಲ. ಹೆಚ್ಚಾಯ್ತು."

ಅವಳು ಮೂಗೊರೆಸಿಕೊಂಡಳು. "ನಾನು ನಿಮ್ಮ ಮಾತು ಕೇಳಲಿಲ್ಲ. ಮುಖದ ಮೇಲೆ ಗೇಟು ಹಾಕಿದೆ. ತಪ್ಪಾಯ್ತು... ನಿಜವಾಗಲೂ ತಪ್ಪಾಯ್ತು ರೀ."

"ನಾನೂ ಹೇಳೋಕೆ ಹನ್ನೊಂದು ದಿನ ತಗೊಂಡೆ. ಮೊದಲನೇ ದಿನವೇ ಹೇಳಿದ್ರೆ ಇಷ್ಟು ಆಗ್ತಿರಲಿಲ್ಲ."

"ಯಾಕೆ ಹೇಳಲಿಲ್ಲ?"

"ಬರೆದಿದ್ದೀನಲ್ಲ."

"ಅದು ಸಂಘಕ್ಕೆ ಬರೆದಿದ್ದು. ನನಗೆ ಏನು ಹೇಳ್ತೀರಿ?"

ಆತ ಕನ್ನಡಕ ತೆಗೆದ. ಹಾಕಿಕೊಂಡ. ಮತ್ತೆ ತೆಗೆದ. ಜೇಬಿನಲ್ಲಿದ್ದ ಪೆನ್ನು ಮುಟ್ಟಿ ನೋಡಿದ.

"ಬರೆದು ಕೊಡಬೇಡಿ," ಎಂದಳು ಅವಳು, ಅಳುವಿನ ನಡುವೆಯೇ ನಗು ತಡೆಯಲಾಗದೆ. "ಅದಕ್ಕೂ ಹಿಂದೊಂದು ಬದಿ ಇದ್ದುಬಿಟ್ರೆ?"

"ನೀವಂದ್ರೆ ನನಗೆ ಇಷ್ಟ," ಎಂದ ಆತ. ಒಂದೇ ಉಸಿರಿಗೆ, ನೀರಿಗೆ ಬಿದ್ದವನಂತೆ. "ಹಿಂದೆ ಮುಂದೆ ಏನೂ ಇಲ್ಲ. ಅಷ್ಟೇ ಇರೋದು. ಜೀವನ ಪೂರ್ತಿ ನಿಮ್ಮ ಜೊತೆ ಇರಬೇಕು ಅಂತ ಆಸೆ."

ಮೆಟ್ಟಿಲ ಪಕ್ಕದಲ್ಲಿ ಯಾರದೋ ಸೈಕಲ್ ಬೆಲ್ಲು, ಒಳಗೆ ಮೈಕಿನ ಗೊರಗೊರ. ಅವಳಿಗೆ ಯಾವುದೂ ಕೇಳಿಸಲಿಲ್ಲ.

"ಯಾವಾಗಿನಿಂದ?" ಎಂದಳು, ಕೇಳಿಸಿತೋ ಇಲ್ಲವೋ ಎಂಬಂಥ ದನಿಯಲ್ಲಿ.

"ಎರಡನೇ ದಿನ. ಬೆಳಗ್ಗೆ ಆರೂ ಇಪ್ಪತ್ತಕ್ಕೆ. ನೀವು ಮಣ್ಣಿಂದ ಎದ್ದು, ಸೊಂಟ ಹಿಡ್ಕೊಂಡು, ಎಂಬತ್ತು ವರ್ಷದ ಅಜ್ಜಿ ಥರ 'ಅಯ್ಯಯ್ಯಮ್ಮಾ' ಅಂದ್ರಲ್ಲ... ಆಗ."

"ಥೂ! ಇಷ್ಟಪಡೋಕೆ ಅದೊಂದೇನಾ ಸಿಕ್ಕಿದ್ದು ನಿಮಗೆ?"

"ಯಾರೂ ನೋಡ್ತಿಲ್ಲ ಅಂದ್ಕೊಂಡು ಅಂದಿದ್ರಿ. ನಾನು ನೋಡ್ತಿದ್ದೆ."

ಅವಳು ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಆತ ಬಂದು ಕೂತ. ಅವಳ ಕೈ ಆತನ ಕೈಯೊಳಗೆ ಯಾವಾಗ ಸೇರಿತೋ, ಇಬ್ಬರಿಗೂ ನೆನಪಿಲ್ಲ.

"ನೀವು?" ಎಂದ ಆತ ಕೊನೆಗೆ, ಹೆದರಿ ಹೆದರಿ. "ನಿಮಗೆ ಯಾವಾಗಿನಿಂದ?"

ಅವಳು ಆತನ ಮುಖವನ್ನು ನೋಡಿದಳು. ಹುಬ್ಬು, ಕಣ್ಣು, ಕನ್ನಡಕ ಒತ್ತಿ ಮೂಗಿನ ಮೇಲೆ ಬಿದ್ದ ಎರಡು ಗುರುತು. ಯಾವ ಅವಸರವೂ ಇಲ್ಲದೆ ನೋಡಿದಳು.

"ಅದನ್ನ ಮದುವೆ ಆದ್ಮೇಲೆ ಹೇಳ್ತೀನಿ."